ವರ್ಷಕ್ಕೆ ಎಷ್ಟು ಮಂದಿ?



ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಆಸುಪಾಸಿನಲ್ಲಿ, ಮಕ್ಕಳು ಕೆನಡಾಕ್ಕೋ ಅಮೆರಿಕಕ್ಕೋ ಹೋಗಿ ತಂದೆತಾಯಿ ಮಾತ್ರ ಉಳಿದ ಮನೆಗಳನ್ನು ನೀವು ನೋಡಿರಬಹುದು. ಆ ಮಕ್ಕಳು ಅಲ್ಲೇ ನೆಲೆಸುವುದು ಅವರ ಓದು, ದುಡಿಮೆಯಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅಲ್ಲಿನ ಸರ್ಕಾರ ಗೊತ್ತುಮಾಡಿದ ಒಂದು ಸಂಖ್ಯೆಯೂ ಅದಕ್ಕೆ ಕಾರಣ.

ಕೆನಡಾದಲ್ಲಿ ವಲಸೆ ಸಚಿವರು ಪ್ರತಿವರ್ಷ ಸಂಸತ್ತಿನ ಮುಂದೆ ಯೋಜನೆಯೊಂದನ್ನು ಇಡಬೇಕೆಂದು ಕಾನೂನಿದೆ. ಮುಂದಿನ ವರ್ಷ ಎಷ್ಟು ಮಂದಿಗೆ ಕಾಯಂ ವಾಸದ ಹಕ್ಕು, ಅವರಲ್ಲಿ ಕುಶಲ ಕೆಲಸಗಾರರೆಷ್ಟು, ಕುಟುಂಬ ಸೇರಲು ಬರುವವರೆಷ್ಟು, ನಿರಾಶ್ರಿತರೆಷ್ಟು ಎಂದು ಅದರಲ್ಲಿ ಹಂಚಿರುತ್ತದೆ. ಪ್ರಾಂತ್ಯ ಸರ್ಕಾರಗಳ ಅಭಿಪ್ರಾಯವನ್ನೂ ಕೇಳುತ್ತಾರೆ. ದೇಶದಲ್ಲಿ ವೃದ್ಧರು ಹೆಚ್ಚುತ್ತಿದ್ದಾರೆ, ದುಡಿಯುವವರು ಬೇಕು ಎನ್ನುವವರು ಒಂದು ಕಡೆ. ಬಂದವರಿಗೆ ಮನೆ, ಆಸ್ಪತ್ರೆ ಎಲ್ಲಿ ಎನ್ನುವವರು ಇನ್ನೊಂದು ಕಡೆ. 2025ಕ್ಕೆಂದು ಮೊದಲು ಹೇಳಿದ್ದ 5 ಲಕ್ಷದ ಗುರಿಯನ್ನು 2024ರ ಅಕ್ಟೋಬರಿನಲ್ಲಿ 3.95 ಲಕ್ಷಕ್ಕೆ ಇಳಿಸಿದರು. ಮನೆಗಳ ಅಭಾವದ ಕೂಗು ಅಷ್ಟು ಜೋರಾಗಿತ್ತು.

ಅಮೆರಿಕದ ರೀತಿ ಬೇರೆ. ಅಲ್ಲಿ ಸಂಖ್ಯೆ ಕಾನೂನಿನಲ್ಲೇ ಇದೆ. 1946ರ ಕಾಯಿದೆಯಲ್ಲಿ ಭಾರತೀಯರ ಪಾಲು ವರ್ಷಕ್ಕೆ ಬರೀ 100! ಈಗ 1990ರ ಕಾಯಿದೆಯಂತೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇಕಡ 7ಕ್ಕಿಂತ ಹೆಚ್ಚಿಲ್ಲ. ಭಾರತಕ್ಕೂ ಪುಟ್ಟ ಐಸ್‌ಲ್ಯಾಂಡಿಗೂ ಒಂದೇ ಮಿತಿ. ನನಗಂತೂ ಇದು ನ್ಯಾಯವೆನಿಸುವುದಿಲ್ಲ. ಬೆಂಗಳೂರಿನ ಇಂಜಿನಿಯರು ವರ್ಷಗಟ್ಟಲೆ ಸಾಲಿನಲ್ಲಿ ಕಾಯುವುದು ಇದರಿಂದಲೇ. ಅಷ್ಟರಲ್ಲಿ ಅಲ್ಲೇ ಶಾಲೆ ಓದಿ ಬೆಳೆದ ಮಗನಿಗೆ 21 ತುಂಬಿದರೆ, ತಂದೆಯ ಅರ್ಜಿಯಿಂದ ಅವನ ಹೆಸರು ಬಿಟ್ಟುಹೋಗಲೂಬಹುದು.