ಹಳೆಯ ಲಾರಿಯೊಂದನ್ನು ಕೊಳ್ಳುವ ವಿಚಾರ

(ಶಾಲೆಯ ಹವ್ಯಾಸ ಸಂಘದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಾನು ಹಳೆಯ ಲಾರಿಯೊಂದನ್ನು ಕೊಳ್ಳಲು ಯೋಚಿಸುತ್ತಿರುವೆನೆಂಬ ಸುದ್ದಿ ಊರಿನಲ್ಲಿ ಹರಡಿದೆ. ಸುದ್ದಿ ನಿಜ. ಬಾಡಿಗೆಗೆ ಓಡಿಸುವುದಕ್ಕಾಗಿ ಅಲ್ಲ. ಬಿಡುವಿನ ವೇಳೆಯಲ್ಲಿ ಅದನ್ನು ಬಿಚ್ಚಿ, ತೊಳೆದು, ಕೆಟ್ಟುದನ್ನು ಸರಿಪಡಿಸಿ, ಮರಳಿ ಓಡುವಂತೆ ಮಾಡಬೇಕೆಂಬ ಹವ್ಯಾಸಕ್ಕಾಗಿ. ಕೇಳಿದವರಲ್ಲಿ ಕೆಲವರು ನಕ್ಕರು. ಇನ್ನು ಕೆಲವರು "ಮೇಷ್ಟ್ರಿಗೆ ಸಂಬಳ ಹೆಚ್ಚಾಯಿತೇನೊ" ಎಂದರು. ಸಂಘದ ಕಾರ್ಯದರ್ಶಿಗಳು ಇದೇ ವಿಷಯವಾಗಿ ನಾಲ್ಕು ಮಾತು ಆಡಿರೆಂದು ಕೇಳಿದಾಗ ನಾನು ಸಂತೋಷದಿಂದಲೇ ಒಪ್ಪಿದೆನು. ಏಕೆಂದರೆ ಇನ್ನೂ ಮುಂಗಡ ಕೊಟ್ಟಿಲ್ಲ. ಮುಂಗಡ ಕೊಡುವುದಕ್ಕೆ ಮೊದಲು ತಿಳಿದವರೆದುರು ಯೋಚನೆಯನ್ನು ಬಿಡಿಸಿಡುವುದು ಒಳ್ಳೆಯದು. ಈ ಸಭೆಯಲ್ಲಿ ಲಾರಿಯ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದ ತಂದೆಯವರು ಹಲವರು ಕುಳಿತಿದ್ದಾರೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಈ ಹಣ ಸಂಘದ್ದಲ್ಲ, ಶಾಲೆಯದಲ್ಲ, ನನ್ನ ಸ್ವಂತದ್ದು. ಆದುದರಿಂದ ಅದರ ಲೆಕ್ಕವನ್ನು ನಾನು ಒಪ್ಪಿಸಬೇಕಾದುದು ನಮ್ಮ ಮನೆಯವರಿಗೆ. ಅವರು ಕೇಳಿದ ಪ್ರಶ್ನೆ ಒಂದೇ: "ಇದಕ್ಕೆ ಕೊನೆ ಎಂದು?" ನಾನು ಓದಿದ ಯಾವ ಪುಸ್ತಕದಲ್ಲಿಯೂ ಇಷ್ಟು ಸರಿಯಾದ ಪ್ರಶ್ನೆಯನ್ನು ಕಂಡಿಲ್ಲ. ಲಾರಿ ಕೊಳ್ಳುವವನು ಎಂಜಿನಿನ ಸದ್ದಿಗೆ ಮರುಳಾಗುತ್ತಾನೆ. ನನ್ನ ಅಭಿಪ್ರಾಯದಲ್ಲಿ ಎಂಜಿನನ್ನು ಎಲ್ಲಕ್ಕೂ ಕಡೆಗೆ ನೋಡಬೇಕು. ಅದರ ಕಾಗದಪತ್ರ ಸರಿಯಾಗಿದೆಯೆ, ಅದನ್ನು ನಿಲ್ಲಿಸಲು ನೆಲವಿದೆಯೆ, ಅದರ ಕೆಲಸ ಬಲ್ಲ ಕೈಗಳು ಹತ್ತಿರದಲ್ಲಿವೆಯೆ ಎಂಬುದನ್ನು ನೋಡಿಕೊಳ್ಳದೆ ಕೊಂಡ ಲಾರಿಯು ಹಿತ್ತಿಲಿನ ಗುಜರಿಯಾಗಿ ಉಳಿಯುತ್ತದೆ.

ಲಾರಿ ನಿಂತಿರುವುದು ನಮ್ಮ ಹೊಸೂರಿಗೆ ಹೆಚ್ಚು ದೂರವಲ್ಲದ ಒಂದು ಮರದ ಡಿಪೋದ ಹಿಂಬದಿಯಲ್ಲಿ. ಮೂತಿ ಮುಂದಕ್ಕೆ ಚಾಚಿದ ಟಾಟಾ 1210. ಮೊದಲ ನೋಂದಣಿ 1972ರದು. ಟಾಟಾ ಕಂಪೆನಿಯು, ಅಂದರೆ ಹಿಂದೆ ಟೆಲ್ಕೊ ಎಂದು ಕರೆಯಿಸಿಕೊಳ್ಳುತ್ತಿದ್ದುದು, 1945ರಲ್ಲಿ ಸ್ಥಾಪಿತವಾದುದು ರೈಲಿನ ಎಂಜಿನುಗಳ ತಯಾರಿಕೆಗಾಗಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪೆನಿಯೊಡನೆ ಹದಿನೈದು ವರ್ಷಗಳ ಒಪ್ಪಂದ ಮಾಡಿಕೊಂಡು ಜಂಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸತೊಡಗಿತು. ಮೂತಿಯ ಮೇಲೆ ಬೆಂಜಿನ ಮೂರು ಮೊನೆಯ ನಕ್ಷತ್ರವಿರುತ್ತಿತ್ತು. 1969ರಲ್ಲಿ ಒಪ್ಪಂದ ಮುಗಿಯಿತು. ನಕ್ಷತ್ರ ಹೋಗಿ ಟಾಟಾದ 'ಟಿ' ಅಕ್ಷರ ಬಂದಿತು. ಹಿರಿಯ ಚಾಲಕರು ಮಾತ್ರ ಆಮೇಲೂ 'ಬೆಂಜ್ ಲಾರಿ' ಎನ್ನುವುದನ್ನು ಬಿಡಲಿಲ್ಲ.

ಲೈಲೆಂಡ್ ಊರಿನಲ್ಲಿದ್ದುಕೊಂಡು ಟಾಟಾ ಏಕೆ ಎಂದು ಕೆಲವು ತಂದೆಯವರು ನನ್ನನ್ನು ಗದರಿಸಿದ್ದಾರೆ. ಅವರ ಕೋಪ ನ್ಯಾಯವಾದುದೇ. 1948ರಲ್ಲಿ ಆಸ್ಟಿನ್ ಕಾರುಗಳನ್ನು ಜೋಡಿಸುವುದಕ್ಕೆಂದು ಮದರಾಸಿನಲ್ಲಿ ಆರಂಭವಾದ ಅಶೋಕ್ ಮೋಟಾರ್ಸ್, 1955ರಲ್ಲಿ ಅಶೋಕ್ ಲೈಲೆಂಡ್ ಆಯಿತು; 1980ರಲ್ಲಿ ಹೊಸೂರಿಗೆ ಅದರ ಕಾರ್ಖಾನೆ ಬಂದ ಮೇಲೆ ನಮ್ಮ ಎಷ್ಟೋ ಮನೆಗಳ ಒಲೆ ಉರಿದಿದೆ. ಹಳೆಯ ಕಾಮೆಟ್ ಲಾರಿಯೊಂದು ಸಿಕ್ಕಿದ್ದರೆ ನಾನು ಅದನ್ನೇ ನೋಡುತ್ತಿದ್ದೆನು. ಸಿಕ್ಕಿರುವುದು ಇದು.

ವಿದ್ಯಾರ್ಥಿಗಳೆ, ಈ ಲಾರಿಯ ಅಂಕಿಗಳನ್ನು ಓದುವ ಬಗೆಯನ್ನು ಹೇಳುತ್ತೇನೆ. 1210 ಎಂದರೆ ಸಾವಿರದ ಇನ್ನೂರ ಹತ್ತಲ್ಲ. ಮೊದಲ ಎರಡು ಅಂಕಿ ಸರಕೂ ಸೇರಿದ ಒಟ್ಟು ತೂಕ, ಸುಮಾರು 12 ಟನ್ನು; ಉಳಿದೆರಡು ಅಂಕಿ ಎಂಜಿನಿನ ಬಲ, ಸುಮಾರು 100 ಅಶ್ವಶಕ್ತಿ. ಎಂಜಿನಿಗೂ ಹಾಗೆಯೇ ಸಂಖ್ಯೆಯುಂಟು. ಇದರದು 692: ಆರು ಸಿಲಿಂಡರು, ಒಂದೊಂದರ ವ್ಯಾಸ 92 ಮಿಲಿಮೀಟರು. ಪಿಸ್ಟನ್ನು ಮೇಲಿಂದ ಕೆಳಕ್ಕೆ ಚಲಿಸುವ ದೂರ 120 ಮಿಲಿಮೀಟರು. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತಿದೆ. ಪೈಯನ್ನು 22/7 ಎಂದು ಹಿಡಿದು ಲೆಕ್ಕ ಮಾಡಿದರೆ ಆರು ಸಿಲಿಂಡರಿಗೆ 4,788 ಘನ ಸೆಂಟಿಮೀಟರು ಬರುತ್ತದೆ. 697 ಎಂಬ ಇನ್ನೊಂದು ಎಂಜಿನಿನಲ್ಲಿ ವ್ಯಾಸ 97, ಚಲನೆ 128. ಅದನ್ನು ಹತ್ತನೆಯ ತರಗತಿಯವರು ನಾಳೆ ನನಗೆ ಮಾಡಿ ತೋರಿಸಬೇಕು.

ಇಂಥ ಡೀಸೆಲ್ ಎಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಅದರ ಗಾತ್ರದ ಹದಿನೇಳನೆಯ ಒಂದು ಭಾಗದಷ್ಟಕ್ಕೆ ಒತ್ತಿದಾಗ ಆ ಗಾಳಿ ತಾನಾಗಿಯೇ ಕಡುಬಿಸಿಯಾಗುತ್ತದೆ. ಅದರೊಳಕ್ಕೆ ಸಣ್ಣ ತುಂತುರಾಗಿ ಚಿಮ್ಮಿಸಿದ ಎಣ್ಣೆ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು ಈ ತತ್ತ್ವದ ಯಂತ್ರವನ್ನು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ನಡೆಯಿಸಿ ತೋರಿಸಿದನು. ಎಣ್ಣೆಯನ್ನು ತಕ್ಕ ಕ್ಷಣದಲ್ಲಿ, ತಕ್ಕ ಪ್ರಮಾಣದಲ್ಲಿ ಅಳೆದುಕೊಡುವ ಪಂಪೇ ಇದರ ಹೃದಯ. ನಮ್ಮ ನೆರೆಯ ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪಿತವಾದ ಮೈಕೋ ಕಂಪೆನಿಯ ಹೆಸರು ಇಂಥ ಪಂಪುಗಳಿಂದಲೇ ಗ್ಯಾರೇಜು ಗ್ಯಾರೇಜಿಗೂ ತಲಪಿತು. ಈಗಿನ ಲಾರಿಗಳಲ್ಲಿ ಈ ಅಳತೆಯ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. 2020ರ ಏಪ್ರಿಲಿನಿಂದ ಭಾರತ್ ಸ್ಟೇಜ್ ಆರನೆಯ ಮಟ್ಟ ಕಡ್ಡಾಯವಾದ ಮೇಲೆ ಹೊಗೆಯೂ ಬಹಳ ಕಡಿಮೆಯಾಗಿದೆ. ಹಳೆಯ ಲಾರಿಯನ್ನು ಮೆಚ್ಚುವವರು ಅದರ ಕರಿಹೊಗೆಯನ್ನೂ ಹೊಗಳುವುದುಂಟು. ನಾನು ಹೊಗಳಲಾರೆ, ಆ ಹೊಗೆಯನ್ನು ನುಂಗುವವರು ರಸ್ತೆಯ ಬದಿಯ ಮಕ್ಕಳು. ಹಳೆಯದರ ಗುಣವಿಷ್ಟೇ: ಅದರ ಪ್ರತಿಯೊಂದು ಕೆಲಸವೂ ಕಣ್ಣಿಗೆ ಕಾಣುತ್ತದೆ, ಸ್ಪಾನರಿಗೆ ಸಿಕ್ಕುತ್ತದೆ. ಕಲಿಯುವವನಿಗೆ ಇದು ದೊಡ್ಡ ಉಪಕಾರ.

ಇನ್ನು ಕಾಗದಪತ್ರದ ಮಾತು. ಇದನ್ನು ಪೋಷಕರು ಗಮನವಿಟ್ಟು ಕೇಳಬೇಕು; ನಾಳೆ ನಿಮ್ಮಲ್ಲಿ ಯಾರಾದರೂ ಹಳೆಯ ವಾಹನ ಕೊಳ್ಳುವವರಿದ್ದರೆ ಉಪಯೋಗವಾದೀತು. 2021ರಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆಂದು ಪ್ರತ್ಯೇಕ ನಿಯಮಗಳನ್ನು ಮಾಡಿತು. ಐವತ್ತು ವರ್ಷ ದಾಟಿ, ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ 'ವಿ.ಎ.' ಅಕ್ಷರಗಳ ವಿಶೇಷ ನೋಂದಣಿ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಮ್ಮ 1972ರ ಲಾರಿಗೆ ಐವತ್ತು ವರ್ಷ ಕಳೆದಿರುವುದನ್ನು ಎಣಿಸಿ ನಾನು ಹಿಗ್ಗಿದೆನು. ಮುಂದೆ ಓದಿದರೆ, ಆ ನಿಯಮ ಸ್ವಂತ ಬಳಕೆಯ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಮಾತ್ರ. ಸರಕು ಸಾಗಿಸುವ ಲಾರಿ ಅದರೊಳಗೆ ಸೇರುವುದಿಲ್ಲ! ರಾಜಮಹಾರಾಜರ ಕಾರಿಗೆ ಪುರಾತನವೆಂಬ ಗೌರವವುಂಟು; ದೇಶಕ್ಕೆಲ್ಲ ಅಕ್ಕಿ, ಸಿಮೆಂಟು, ಈರುಳ್ಳಿ ಹೊತ್ತ ಲಾರಿಗೆ ಆ ಗೌರವವಿಲ್ಲ. ಹಾಗಾಗಿ ಲಾರಿ ರಸ್ತೆಗೆ ಇಳಿಯಬೇಕಾದರೆ ಉಳಿದೆಲ್ಲ ಹಳೆಯ ಲಾರಿಗಳಂತೆ ವರ್ಷ ವರ್ಷವೂ ಎಫ್.ಸಿ. ಮಾಡಿಸಬೇಕು, ವಿಮೆ ಕಟ್ಟಬೇಕು, ತೆರಿಗೆ ಕಟ್ಟಬೇಕು. ಖಾಲಿ ಲಾರಿಯಲ್ಲವೆ, ಕಾರಿನ ಲೈಸೆನ್ಸು ಸಾಕೆಂದು ಕೆಲವರು ತಿಳಿದಿದ್ದಾರೆ; ಹಾಗಲ್ಲ. ಒಟ್ಟು ತೂಕ 7,500 ಕಿಲೋಗ್ರಾಂ ಮೀರುವ ಲಾರಿಗೆ ಲಘು ವಾಹನದ ಲೈಸೆನ್ಸು ನಡೆಯದು.

ಗಡಿಯವರಾದ ನಮಗೆ ಮತ್ತೊಂದು ತೊಡಕುಂಟು. ಈ ಲಾರಿಯ ಸಂಖ್ಯೆ ಎಂ.ವೈ. ಅಕ್ಷರಗಳಿಂದ ಮೊದಲಾಗುವ ಹಳೆಯ ಮೈಸೂರು ರಾಜ್ಯದ್ದು. ಕಾಗದದಲ್ಲಿ ಅದು ಇನ್ನೂ ಅತ್ತಿಬೆಲೆಯ ಆಚೆಗಿದೆ, ನಿಂತಿರುವುದು ಈಚೆಗೆ. ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗೆ ಮೀರಿ ಇಟ್ಟುಕೊಳ್ಳಬೇಕಾದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಹಳೆಯ ಸಂಖ್ಯೆ ಹೋಗುತ್ತದೆ. ಮೂಲ ಮಾಲೀಕರು ಈಗ ಇದ್ದಾರೆಯೊ ಇಲ್ಲವೊ, ಸಾಲ ಕೊಟ್ಟ ಫೈನಾನ್ಸಿನವರ ಹೆಸರು ಆರ್.ಸಿ. ಪುಸ್ತಕದಲ್ಲಿ ಇನ್ನೂ ಉಳಿದಿದೆಯೊ, ತೆರಿಗೆಯ ಬಾಕಿ ಎಷ್ಟು, ಇವೆಲ್ಲ ತಿಳಿಯಬೇಕು. ಚಾಸಿಯ ಮೇಲೆ ಅಚ್ಚೊತ್ತಿದ ಸಂಖ್ಯೆಯನ್ನು ಮಣ್ಣು ಕೆರೆದು ಪುಸ್ತಕದೊಡನೆ ಹೋಲಿಸಿದೆನು, ಸರಿಹೋಯಿತು. ಎಂಜಿನಿನ ಸಂಖ್ಯೆ ಹೋಲುವುದಿಲ್ಲ. ಐವತ್ತು ವರ್ಷದಲ್ಲಿ ಎಂಜಿನು ಬದಲಾಗಿರುವುದು ಆಶ್ಚರ್ಯವಲ್ಲ; ಆದರೆ ಬದಲಾವಣೆ ಪುಸ್ತಕದಲ್ಲಿ ದಾಖಲಾಗಿರಬೇಕು. ಅದಾಗದೆ ಇರುವುದರಿಂದಲೇ ನಾನು ಮುಂಗಡದ ಕೈಯನ್ನು ಹಿಂದಕ್ಕೆ ಎಳೆದುಕೊಂಡಿರುವುದು.

ಗಾಡಿಯ ದೇಹಸ್ಥಿತಿ ಹೀಗಿದೆ. ಚಾಸಿಯ ಎರಡು ಉದ್ದ ತೊಲೆಗಳಲ್ಲಿ ಬಲಗಡೆಯದನ್ನು, ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಕೂಡುವೆಡೆಯಲ್ಲಿ, ಒಮ್ಮೆ ಬೆಸುಗೆ ಹಾಕಿದ್ದಾರೆ. ಅದನ್ನು ಬಲ್ಲವರು ನೋಡಬೇಕು. ಎಂಜಿನು ಕೆಟ್ಟರೆ ಬದಲಾಯಿಸಬಹುದು, ತೊಲೆ ಬಿರಿದರೆ ಲಾರಿಯೇ ಇಲ್ಲ. ಆ ಕಾಲದಲ್ಲಿ ಕಂಪೆನಿಯಿಂದ ಬರುತ್ತಿದ್ದುದು ಚಾಸಿ ಮತ್ತು ಮೂತಿ ಮಾತ್ರ. ಚಾಲಕನ ಕೋಣೆ, ಹಿಂದಿನ ಪೆಟ್ಟಿಗೆ ಎಲ್ಲವನ್ನೂ ಊರ ಬಡಗಿಗಳು ಮರದಿಂದ ಕಟ್ಟುತ್ತಿದ್ದರು. ನಮ್ಮ ಕಡೆಯ ಲಾರಿಗಳಿಗೆ ನಾಮಕ್ಕಲ್ಲಿನ ಕೆಲಸಗಾರರು ಪ್ರಸಿದ್ಧರು. ಇದರ ಕೋಣೆಯ ಮರ ಗೆದ್ದಲಿಗೆ ಅರ್ಧ ಸಂದಾಯವಾಗಿದೆ. ಬಾಗಿಲ ಚೌಕಟ್ಟಿನ ಕೂಡುಗಳು ಮಾತ್ರ ಇನ್ನೂ ಬಿಗಿಯಾಗಿವೆ. ಒಂದು ಮೊಳೆ ಕಾಣದಂತೆ ಕೂಡಿಸಿದ ಆ ಬಡಗಿಯ ಕೈಗೆ ನಾನು ಮನಸ್ಸಿನಲ್ಲೇ ನಮಸ್ಕರಿಸಿದೆನು. ಎಂಜಿನಿನ ಎಣ್ಣೆ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆ ಕಪ್ಪಗಿತ್ತು. ಅದು ಮಜ್ಜಿಗೆಯಂತೆ ಬೆಳ್ಳಗಿದ್ದರೆ ನೀರು ಬೆರೆತಿದೆಯೆಂದು ತಿಳಿದು ಬೇರೆ ಲಾರಿ ಹುಡುಕುತ್ತಿದ್ದೆನು.

ಅಪಾಯದ ಮಾತನ್ನು ನಾನು ಮೃದುಮಾಡಿ ಹೇಳಲಾರೆ. ಹುಡುಗರು ಇದರ ಕೆಲಸಕ್ಕೆ ಬರಲು ಆಗಲೇ ಹೆಸರು ಕೊಟ್ಟಿದ್ದಾರೆ, ಹುಡುಗಿಯರೂ ಕೊಟ್ಟಿದ್ದಾರೆ. ಆದುದರಿಂದ ತಾಯಿ ತಂದೆಯರಿಗೆ ಇದು ತಿಳಿದಿರಬೇಕು. ಇಂಥ ಲಾರಿಯ ಚಕ್ರದ ರಿಮ್ಮು ಒಂದೇ ತುಂಡಲ್ಲ. ಟೈರನ್ನು ಹಿಡಿದಿಡುವುದಕ್ಕೆ ಉಕ್ಕಿನ ಲಾಕ್ ರಿಂಗೊಂದು ಹೊರಗಿನಿಂದ ಕೂರುತ್ತದೆ. ತುಕ್ಕು ತಿಂದ ರಿಂಗು ಸರಿಯಾಗಿ ಕೂರದಿದ್ದಲ್ಲಿ, ಗಾಳಿ ತುಂಬುವಾಗ ಅದು ಫಿರಂಗಿಯ ಗುಂಡಿನಂತೆ ಹಾರುತ್ತದೆ. ಹೀಗೆ ಸತ್ತ ಕೆಲಸಗಾರರಿದ್ದಾರೆ. ಕಬ್ಬಿಣದ ಪಂಜರದೊಳಗೆ ಚಕ್ರವನ್ನಿಟ್ಟು, ದೂರದಿಂದ ಉದ್ದ ಕೊಳವೆಯಲ್ಲಿ ಗಾಳಿ ತುಂಬುವುದೇ ಸರಿಯಾದ ಕ್ರಮ. ನಮ್ಮಲ್ಲಿ ಪಂಜರವಿಲ್ಲ, ಆದುದರಿಂದ ಟೈರಿನ ಕೆಲಸವನ್ನು ನಾವು ಮಾಡುವುದೇ ಇಲ್ಲ. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಬಹುವರ್ಷಗಳ ಮೇಲೆ ಘೋರ ರೋಗ ಬರಬಹುದು. ಗ್ಯಾರೇಜುಗಳಲ್ಲಿ ಡ್ರಮ್ಮು ಬಿಚ್ಚಿದೊಡನೆ ಗಾಳಿ ಊದಿ ಸ್ವಚ್ಛಮಾಡುವುದನ್ನು ನೀವು ಕಂಡಿದ್ದೀರಿ. ಅದನ್ನು ಯಾರೂ ಅನುಕರಿಸಕೂಡದು. ಜಾಕಿನ ಮೇಲೆ ಮಾತ್ರ ನಿಂತ ಲಾರಿಯ ಅಡಿಗೆ ನನ್ನ ವಿದ್ಯಾರ್ಥಿ ಹೋದನೆಂದು ತಿಳಿದ ದಿನ ಈ ಹವ್ಯಾಸ ನಿಲ್ಲುತ್ತದೆ. ಮರದ ದಿಮ್ಮಿಗಳ ಆಸರೆ ಕೊಟ್ಟ ಮೇಲೂ, ಹಿರಿಯ ಮೇಸ್ತ್ರಿಯೊಬ್ಬರು ಎದುರಿಗೆ ಇದ್ದರೆ ಮಾತ್ರ, ಹತ್ತನೆಯ ತರಗತಿ ಮುಗಿಸಿದವರು ಹೋಗಬಹುದು. ಚಿಕ್ಕವರಿಗೆ ಬೇರೆ ಕೆಲಸವಿದೆ: ಬಿಚ್ಚುವ ಮುನ್ನ ಪ್ರತಿಯೊಂದು ಭಾಗದ ಚಿತ್ರ ಬರೆದು, ಮೇಸ್ತ್ರಿಗಳು ಅದನ್ನು ಏನೆಂದು ಕರೆಯುತ್ತಾರೋ ಅದೇ ಮಾತನ್ನು ಕನ್ನಡದಲ್ಲಿ ಕೆಳಗೆ ಬರೆಯುವುದು. ನಮ್ಮ ವಿಜ್ಞಾನದ ಪಠ್ಯದಲ್ಲಿರುವ ಮಾತು ಗ್ಯಾರೇಜಿಗೆ ತಿಳಿಯದು. ಗ್ಯಾರೇಜಿನ ಮಾತು ಯಾವ ಪುಸ್ತಕದಲ್ಲಿಯೂ ಇಲ್ಲ. ಅದನ್ನು ಬಲ್ಲವರು ಒಬ್ಬೊಬ್ಬರಾಗಿ ಮುದುಕರಾಗುತ್ತಿದ್ದಾರೆ.

ಮನೆಯವರ ಪ್ರಶ್ನೆಗೆ ಮರಳುತ್ತೇನೆ. ನಾನು ಅವರಿಗೆ ಕೊಟ್ಟ ಉತ್ತರ ಇಷ್ಟು: ಐದು ವರ್ಷ. ಅಷ್ಟರಲ್ಲಿ ಲಾರಿ ತನ್ನ ಬಲದಿಂದ ಷೆಡ್ಡಿನಿಂದ ಹೊರಗೆ ಬಾರದಿದ್ದರೆ ಗುಜರಿಗೆ ಕೊಡುತ್ತೇನೆ. ಪ್ರತಿ ತಿಂಗಳೂ ಇಷ್ಟೇ ಖರ್ಚೆಂದು ಒಂದು ಮೊತ್ತವನ್ನು ಬರೆದು ಅವರ ಕೈಗೆ ಕೊಟ್ಟಿದ್ದೇನೆ. ಅದನ್ನು ಮೀರಿದ ತಿಂಗಳು ಸ್ಪಾನರು ಗೋಡೆಯ ಮೇಲಿರುತ್ತದೆ. ಅವರು ಪೂರ್ತಿ ಒಪ್ಪಿದ್ದಾರೆಂದು ನಾನು ಈ ಸಭೆಯಲ್ಲಿ ಹೇಳುವ ಹಾಗಿಲ್ಲ, ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಮಾರುವವರು ಹೇಳುತ್ತಿರುವ ಬೆಲೆ ನನಗೆ ಹೆಚ್ಚೆನಿಸಿದೆ. ಓಡದ ಲಾರಿಗೆ ಗುಜರಿಯ ಬೆಲೆಯೇ ಅಡಿಪಾಯವೆಂಬುದು ನನ್ನ ವಾದ. ಅದಕ್ಕೆ ಮೇಲೆ ಎಷ್ಟು ಕೊಟ್ಟರೂ ಅದು ಪ್ರೀತಿಯ ಬೆಲೆ. ಬರುವ ಭಾನುವಾರ ಟ್ರಾಕ್ಟರು ಕಟ್ಟಿ ಲಾರಿಯನ್ನು ತೂಕದ ಕಟ್ಟೆಗೆ ಎಳೆದುಕೊಂಡು ಹೋಗುವುದಕ್ಕೆ ಅವರು ಒಪ್ಪಿದ್ದಾರೆ. ಲೈಲೆಂಡಿನಲ್ಲಿ ಚಾಸಿಯ ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮ ಪೋಷಕರೊಬ್ಬರು ಆ ಬೆಸುಗೆಯನ್ನು ನೋಡಲು ಬರುತ್ತೇನೆಂದಿದ್ದಾರೆ. ಎಂಜಿನಿನ ದಾಖಲೆಗಾಗಿ ಆರ್.ಟಿ.ಓ. ಕಛೇರಿಗೆ ಅರ್ಜಿ ಹಾಕಬೇಕಾದವರು ಮಾರುವವರು. ಅದರ ನಕಲು ನನ್ನ ಕೈಗೆ ಬಂದ ಮೇಲೆ ಬೆಲೆಯ ಮಾತು ನಡೆಯುತ್ತದೆ.