ಮಂಡಿ ಸವೆತದ ಚಿಕಿತ್ಸಾ ಪ್ರಯೋಗಗಳು ಮತ್ತು ಹಿಂದೂಪುರ–ಕಲ್ಯಾಣದುರ್ಗ ಸೀಮೆ

ಮೊಣಕಾಲಿನ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದೆದಿರುವ ನುಣುಪಾದ ಮೃದ್ವಸ್ಥಿ ವರ್ಷಗಳು ಕಳೆದಂತೆ ತೆಳುವಾಗಿ, ಅದರಡಿಯ ಮೂಳೆ ಗಡುಸಾಗಿ, ಅಂಚುಗಳಲ್ಲಿ ಮುಳ್ಳಿನಂಥ ಮೂಳೆಚಿಗುರುಗಳು ಮೂಡಿ, ಕೀಲಿನ ಒಳಪೊರೆಯೂ ಆಗಾಗ ಊದಿಕೊಳ್ಳುವ ಸ್ಥಿತಿಗೆ ವೈದ್ಯಶಾಸ್ತ್ರ ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತದೆ. ಆಯುರ್ವೇದದವರು ಇದನ್ನು ಸಂಧಿಗತವಾತವೆನ್ನುತ್ತಾರೆ, ಆಂಧ್ರದ ರಾಯಲಸೀಮೆಯ ಗಡಿಯಲ್ಲಿರುವ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಕನ್ನಡದ ಮನೆಗಳಲ್ಲಿ ಇದು ಮಂಡಿನೋವು. ಆಗ್ರಾ, ಬೆಂಗಳೂರು, ಕೋಲ್ಕತ್ತಾ, ಡೆಹ್ರಾಡೂನ್, ಪುಣೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಭಾರತೀಯ ಸಮೀಕ್ಷೆಯೊಂದು ಪರೀಕ್ಷಿಸಿದವರಲ್ಲಿ ಶೇಕಡಾ 28.7ರಷ್ಟು ಮಂದಿಗೆ ಮಂಡಿ ಸವೆತ ಇದೆಯೆಂದು ಗುರುತಿಸಿತು. ಆ ಐದು ಊರುಗಳ ಪಟ್ಟಿಯಲ್ಲಿ ರಾಯಲಸೀಮೆಯ ಒಣಬೇಸಾಯದ ನಾಡಿಗೆ ಸ್ಥಾನವಿರಲಿಲ್ಲ. ಈ ಕಾಯಿಲೆಯ ಚಿಕಿತ್ಸೆಗಳನ್ನು ಜಗತ್ತು ಕಳೆದ ಕಾಲು ಶತಮಾನದಲ್ಲಿ ಬಹಳ ಪ್ರಾಮಾಣಿಕವಾಗಿ ಪರೀಕ್ಷಿಸಿದೆ. ಆದರೆ ಯಾರ ಮಂಡಿಗಳ ಮೇಲೆ ಪರೀಕ್ಷಿಸಿದೆ, ಆ ಫಲಿತಾಂಶ ಕಡಲೆಕಾಯಿ ಹೊಲದಲ್ಲಿ ದಿನವಿಡೀ ಕುಕ್ಕುರುಗಾಲಿನಲ್ಲಿ ಕಳೆ ಕೀಳುವ ಹೆಂಗಸಿಗೆ ಎಷ್ಟು ಸಲ್ಲುತ್ತದೆ ಎಂಬುದು ಈ ಉಪನ್ಯಾಸದ ಮುಖ್ಯ ವಿಚಾರ.

ಮಂಡಿನೋವಿನ ಸ್ವಭಾವವೇ ಚಿಕಿತ್ಸೆಯ ಬಗ್ಗೆ ತಪ್ಪು ತೀರ್ಮಾನಕ್ಕೆ ದಾರಿ ಮಾಡಿಕೊಡುವಂಥದು. ನೋವು ಒಂದೇ ಸಮನೆ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ; ಏರಿದಾಗಲೇ ರೋಗಿ ವೈದ್ಯರಲ್ಲಿಗೆ ಹೋಗುತ್ತಾನೆ, ಆಮೇಲೆ ತಾನಾಗಿ ಇಳಿಯುವ ನೋವಿನ ಕೀರ್ತಿ ಆಗ ಕೊಟ್ಟ ಮಾತ್ರೆಗೋ ಎಣ್ಣೆಗೋ ಇಂಜೆಕ್ಷನ್ನಿಗೋ ಸಲ್ಲುತ್ತದೆ. ಎಕ್ಸ್‌ರೇ ಕೂಡ ಪೂರ್ತಿ ನಂಬಿಕೆಗೆ ಯೋಗ್ಯವಲ್ಲ: 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆಗಳಲ್ಲಿ ಅಳೆಯುವ ಕ್ರಮವನ್ನು ರೂಪಿಸಿದರು, ಅದು ಇಂದಿಗೂ ಬಳಕೆಯಲ್ಲಿದೆ, ಆದರೆ ಹೆಚ್ಚಿನ ದರ್ಜೆಯವರಲ್ಲಿ ಕೆಲವರು ಹಾಯಾಗಿ ನಡೆಯುವುದೂ ಕಡಿಮೆ ದರ್ಜೆಯವರಲ್ಲಿ ಕೆಲವರು ನರಳುವುದೂ ವೈದ್ಯರ ನಿತ್ಯದ ಅನುಭವ. ಆದ್ದರಿಂದಲೇ ರೋಗಿಗಳನ್ನು ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟವೂ ಸೇರದಂತೆ, ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ನಿಜವಾದ ಮದ್ದನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಮದ್ದನ್ನೂ ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂಬುದು ರೋಗಿಗೂ ಅಳೆಯುವ ವೈದ್ಯರಿಗೂ ತಿಳಿಯದಂತೆ ನಡೆಸುವ ಪ್ರಯೋಗ ಅಗತ್ಯವಾಯಿತು.

ಇಂಥ ಪ್ರಯೋಗಗಳಲ್ಲಿ ಅತ್ಯಂತ ಧೈರ್ಯದ್ದು 2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಿಂದ ಪ್ರಕಟವಾಯಿತು. ಮಂಡಿಯೊಳಗೆ ತೆಳುವಾದ ದೂರದರ್ಶಕದಂಥ ನಳಿಕೆಯನ್ನು ತೂರಿಸಿ, ಸವೆದ ಚೂರುಗಳನ್ನು ತೊಳೆದು ಕೆರೆದು ತೆಗೆಯುವ ಆರ್ಥ್ರೋಸ್ಕೋಪಿ ಶಸ್ತ್ರಚಿಕಿತ್ಸೆ ಆಗ ಲಕ್ಷಾಂತರ ಮಂದಿಗೆ ನಡೆಯುತ್ತಿತ್ತು. ಡಾ. ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ಮಂದಿ ಮಾಜಿ ಸೈನಿಕರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕೆರೆಯುವ ಚಿಕಿತ್ಸೆಯನ್ನೂ ಮತ್ತೊಂದಕ್ಕೆ ಬರಿಯ ತೊಳೆಯುವ ಚಿಕಿತ್ಸೆಯನ್ನೂ ಮಾಡಿ, ಮೂರನೆಯ ಗುಂಪಿಗೆ ಚರ್ಮದ ಮೇಲಷ್ಟೇ ಗೀರಿ, ಶಸ್ತ್ರಚಿಕಿತ್ಸೆಯ ಸದ್ದುಗದ್ದಲವನ್ನೆಲ್ಲ ಅನುಕರಿಸಿ, ಒಳಗೆ ಏನನ್ನೂ ಮಾಡದೆ ಹೊಲಿಗೆ ಹಾಕಿ ಕಳುಹಿಸಿದರು. ಎರಡು ವರ್ಷಗಳವರೆಗೆ ನೋಡಿದರೂ ಮೂರೂ ಗುಂಪುಗಳ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗೀರಿದಷ್ಟೇ ಚಿಕಿತ್ಸೆ ಪಡೆದವರೂ ತಮಗೆ ಗುಣ ಕಂಡಿತೆಂದೇ ಹೇಳಿದರು, ಮತ್ತು ಅವರು ಸುಳ್ಳು ಹೇಳುತ್ತಿರಲಿಲ್ಲ. ಗ್ಲುಕೋಸಮೀನ್ ಮತ್ತು ಕಾಂಡ್ರಾಯ್ಟಿನ್ ಎಂಬ, ನಮ್ಮ ಔಷಧಿ ಅಂಗಡಿಗಳಲ್ಲೂ ಧಾರಾಳವಾಗಿ ಮಾರಾಟವಾಗುವ ಮಾತ್ರೆಗಳನ್ನು 1583 ಮಂದಿಯ ಮೇಲೆ ಪರೀಕ್ಷಿಸಿದ 2006ರ ಅಮೆರಿಕದ ಅಧ್ಯಯನದಲ್ಲಿ ಹುಸಿಮಾತ್ರೆ ನುಂಗಿದವರಲ್ಲೇ ಶೇಕಡಾ 60ರಷ್ಟು ಜನರ ನೋವು ಐದನೆಯ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಇಳಿಯಿತು. ಆ ಮಾತ್ರೆಗಳು ಒಟ್ಟಾರೆ ಅದನ್ನು ಮೀರಿಸಲಿಲ್ಲ. ತಿಂಗಳಿಗೆ ನೂರಾರು ರೂಪಾಯಿ ಇದಕ್ಕೆ ತೆರುತ್ತಿರುವ ಕೂಲಿ ಕುಟುಂಬಗಳಿಗೆ ಈ ಒಂದು ಸಂಗತಿ ಇಷ್ಟು ವರ್ಷಗಳಾದರೂ ತಲುಪದೆ ಇರುವುದು ದೊಡ್ಡ ಅನ್ಯಾಯ.

ಮಂಡಿಗೆ ಚುಚ್ಚುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರಗಳ ಮಟ್ಟಿಗೆ ನೋವು ಇಳಿಸುವುದು ನಿಜ. ಆದರೆ 12 ವಾರಗಳಿಗೊಮ್ಮೆ ಎರಡು ವರ್ಷಗಳ ಕಾಲ 140 ಮಂದಿಗೆ ಸ್ಟಿರಾಯ್ಡನ್ನೋ ಉಪ್ಪುನೀರನ್ನೋ ಚುಚ್ಚಿ ಹೋಲಿಸಿದ 2017ರ ಪ್ರಯೋಗದಲ್ಲಿ ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿ ಹೆಚ್ಚು ಕರಗಿತ್ತು, ನೋವಿನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2020ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗ 156 ಮಂದಿಯಲ್ಲಿ ಇಂಜೆಕ್ಷನ್ನನ್ನು ಫಿಸಿಯೋಥೆರಪಿಯೊಂದಿಗೆ ಹೋಲಿಸಿ, ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರೇ ಸ್ಪಷ್ಟವಾಗಿ ಮುಂದಿದ್ದರೆಂದು ತೋರಿಸಿತು. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ, ಖರ್ಚಿಲ್ಲದ ವ್ಯಾಯಾಮವೇ ಮತ್ತೆ ಮತ್ತೆ ಗೆದ್ದುಬರುತ್ತಿರುವುದು ಈ ಇಡೀ ಸಂಶೋಧನೆಯ ಬೆಲೆಬಾಳುವ ಫಲ.

ಹಿಂದೂಪುರದಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನಲ್ಲಿ ಈ ಎಳೆಯನ್ನು ಹಿಡಿದು ನಡೆದ ಕೆಲಸವೊಂದಿದೆ. ಮೂಳೆವೈದ್ಯರಾದ ಡಾ. ಜಾನ್ ಎಬ್ನೆಜರ್ ಅವರು ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಡಾ. ಆರ್. ನಾಗರತ್ನ, ಡಾ. ಎಚ್.ಆರ್. ನಾಗೇಂದ್ರ ಮೊದಲಾದವರೊಂದಿಗೆ ಸೇರಿ 35ರಿಂದ 80 ವರ್ಷದ 250 ಮಂದಿ ಮಂಡಿ ಸವೆತದ ರೋಗಿಗಳನ್ನು ಎರಡು ಗುಂಪಾಗಿ ಹಂಚಿ, ಎರಡೂ ಗುಂಪಿಗೆ ಒಂದೇ ಬಗೆಯ ವಿದ್ಯುತ್ ಮತ್ತು ಶಬ್ದತರಂಗ ಚಿಕಿತ್ಸೆ ಕೊಟ್ಟು, ಬಳಿಕ ಒಂದಕ್ಕೆ ಸಮಗ್ರ ಯೋಗವನ್ನೂ ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮವನ್ನೂ ಕಲಿಸಿದರು. ಎರಡು ವಾರ ಕೇಂದ್ರದಲ್ಲಿ, ಆಮೇಲೆ ಮನೆಯಲ್ಲಿ. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ನೋವು, ಬೆಳಗಿನ ಬಿಗಿತ, ಆತಂಕ ಮೂರೂ ಯೋಗದ ಗುಂಪಿನಲ್ಲಿ ಹೆಚ್ಚು ಇಳಿದವು. ಯೋಗ ಮಾಡುವವನಿಗೆ ತಾನು ಯೋಗ ಮಾಡುತ್ತಿರುವುದು ತಿಳಿದೇ ಇರುವುದರಿಂದ ನಂಬಿಕೆಯ ಪಾಲೆಷ್ಟು, ಆಸನದ ಪಾಲೆಷ್ಟು ಎಂದು ಬಿಡಿಸಲು ಬರುವುದಿಲ್ಲವೆಂಬ ಮಿತಿ ಇದಕ್ಕಿದೆ. ಆದರೂ ಕನ್ನಡನಾಡಿನ ರೋಗಿಗಳನ್ನೇ ಇಟ್ಟುಕೊಂಡು ನಡೆದ ಪ್ರಯೋಗವೆಂಬ ಕಾರಣಕ್ಕೆ ಇದು ಗಡಿಸೀಮೆಗೆ ಹತ್ತಿರದ್ದು. ಪುಣೆಯ ಡಾ. ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ 440 ಮಂದಿಯ ಮೇಲೆ 24 ವಾರ ನಡೆದು 2013ರಲ್ಲಿ ಹೊರಬಂದ ಪ್ರಯೋಗ ಇನ್ನೂ ಬಿಗಿಯಾದದ್ದು: ಶುಂಠಿ, ಅಮೃತಬಳ್ಳಿ, ಶಲ್ಲಕಿ ಮುಂತಾದವುಗಳ ಆಯುರ್ವೇದ ಮಿಶ್ರಣಗಳನ್ನು ಗ್ಲುಕೋಸಮೀನ್ ಮತ್ತು ಸೆಲೆಕಾಕ್ಸಿಬ್ ಮಾತ್ರೆಗಳೊಂದಿಗೆ ಗುರುತು ಸಿಗದಂತೆ ಹೋಲಿಸಿ, ಅವು ಸರಿಸಮವೆಂದು ಅದು ಕಂಡುಕೊಂಡಿತು. ಅದೇ ವರದಿ ಆಯುರ್ವೇದ ಔಷಧ ಪಡೆದ ಏಳು ಮಂದಿಯಲ್ಲಿ ಯಕೃತ್ತಿನ ಕಿಣ್ವವೊಂದು ಏರಿ, ಮದ್ದು ನಿಲ್ಲಿಸಿದೊಡನೆ ಇಳಿಯಿತೆಂದು ಮುಚ್ಚುಮರೆಯಿಲ್ಲದೆ ದಾಖಲಿಸಿತು. ನಾಟಿಮದ್ದಿಗೆ ಅಡ್ಡಪರಿಣಾಮವೇ ಇಲ್ಲವೆಂಬ ಮಾತನ್ನು ನಂಬುವವರು ಈ ಸಾಲನ್ನು ಗಮನಿಸಬೇಕು.

ಬೆಂಗಳೂರಿನಲ್ಲೇ ತಯಾರಾದ ಇನ್ನೊಂದು ಚಿಕಿತ್ಸೆ ಆಕರಕೋಶಗಳದ್ದು. ಸ್ಟೆಂಪ್ಯುಟಿಕ್ಸ್ ಸಂಸ್ಥೆ ದಾನಿಗಳ ಮೂಳೆಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ಮಂಡಿಗೆ ಚುಚ್ಚುವ ವಿಧಾನವನ್ನು 146 ಮಂದಿಯ ಮೇಲೆ ಮೂರನೆಯ ಹಂತದಲ್ಲಿ ಪರೀಕ್ಷಿಸಿತು. ಒಂದು ವರ್ಷದವರೆಗೆ ಲಾಭ ಕಂಡಿತೆಂಬ ಆಧಾರದ ಮೇಲೆ 2022ರಲ್ಲಿ ಭಾರತದ ಔಷಧ ಮಹಾನಿಯಂತ್ರಕರ ಅನುಮತಿ ದೊರೆಯಿತು. ಆದರೆ ಬೇರೆ ಬೇರೆ ಮೂಲದ ಕೋಶಗಳನ್ನು ಅಗ್ಗದ ಸ್ಟಿರಾಯ್ಡ್ ಇಂಜೆಕ್ಷನ್ನಿಗೆ ಹೋಲಿಸಿದ 2023ರ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ವರ್ಷದ ಕೊನೆಗೆ ಕೋಶಗಳು ಮೇಲುಗೈ ಪಡೆಯಲಿಲ್ಲ. ಸಾಲ ಮಾಡಿ ಇದಕ್ಕೆ ಹಣ ಹಾಕುವ ಮುನ್ನ ಕಾಯುವುದು ಒಳಿತು.

ಈಗ ಕಲ್ಯಾಣದುರ್ಗದ ಕಡೆಗೆ ತಿರುಗಬೇಕು. ತೂಕ ಇಳಿಸಿ, ವ್ಯಾಯಾಮ ಮಾಡಿ ಎಂಬುದು ಇಂದಿನ ಎಲ್ಲ ಮಾರ್ಗಸೂಚಿಗಳ ಮೊದಲ ಮಾತು, ಅದಕ್ಕೆ ಗಟ್ಟಿ ಆಧಾರವೂ ಇದೆ. 2013ರಲ್ಲಿ ಪ್ರಕಟವಾದ, 454 ಮಂದಿಯ ಅಮೆರಿಕದ ಪ್ರಯೋಗದಲ್ಲಿ ಪಥ್ಯ ಮತ್ತು ವ್ಯಾಯಾಮ ಎರಡನ್ನೂ ಪಾಲಿಸಿದವರಿಗೆ ಹದಿನೆಂಟು ತಿಂಗಳಲ್ಲಿ ಅತಿ ಹೆಚ್ಚು ಲಾಭವಾಯಿತು. ಆದರೆ ಅವರೆಲ್ಲ ಮೈತೂಕ ಹೆಚ್ಚಿದ್ದವರು. ಮಳೆ ನಂಬಿ ಕಡಲೆಕಾಯಿ ಬಿತ್ತುವ ನಾಡಿನ ಕೂಲಿಹೆಣ್ಣಿನ ಮೈಯಲ್ಲಿ ಇಳಿಸಲು ತೂಕವೇ ಇಲ್ಲದಿರಬಹುದು. ಅವಳ ಮಂಡಿಯನ್ನು ಸವೆಸುವುದು ಹೊಲದಲ್ಲಿ ಗಂಟೆಗಟ್ಟಲೆ ಕುಕ್ಕುರು ಕೂರುವ, ಹೊರೆ ಹೊತ್ತು ನಡೆಯುವ ದುಡಿಮೆ. ಬೀಜಿಂಗ್ ನಗರದ ವೃದ್ಧೆಯರು ಅಮೆರಿಕದ ಫ್ರಾಮಿಂಗ್‌ಹ್ಯಾಮಿನ ವೃದ್ಧೆಯರಿಗಿಂತ ತೆಳ್ಳಗಿದ್ದರೂ ಅವರಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಮಂಡಿ ಸವೆತ ಹೆಚ್ಚೆಂದು 2001ರಲ್ಲಿ ತಿಳಿದುಬಂದಿತು, ಯೌವನದಲ್ಲಿ ಹೆಚ್ಚು ಹೊತ್ತು ಕುಕ್ಕುರು ಕೂತವರಲ್ಲಿ ಸವೆತ ಅಧಿಕವೆಂದು 2004ರ ಅಧ್ಯಯನ ತೋರಿಸಿತು. ಕೂರಬೇಡಿ ಎಂದು ಹೇಳುವುದು ಸುಲಭ. ಕೂರದೆ ಕಳೆ ಕೀಳುವ ಉಪಕರಣವನ್ನು ಕೊಟ್ಟು, ಅದರಿಂದ ಮಂಡಿಗೆ ಏನಾಯಿತೆಂದು ಅಳೆಯುವ ಪ್ರಯೋಗವೇ ಇಲ್ಲಿ ಆಗಬೇಕಾದ ಸಂಶೋಧನೆ.

ನೀರಿನ ವಿಷಯ ಇದಕ್ಕಿಂತ ಗಂಭೀರ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಊರುಗಳಿದ್ದ ಹಳೆಯ ಅನಂತಪುರ ಜಿಲ್ಲೆಯ ಅನೇಕ ಕಡೆ ಕೊಳವೆಬಾವಿಯ ನೀರು ಆ ಮಿತಿಯನ್ನು ದಾಟುತ್ತದೆ. ಇಂಥ ನೀರಿನಿಂದ ಬರುವ ಫ್ಲೋರೋಸಿಸ್ ಕಾಯಿಲೆಯನ್ನು ಭಾರತದಲ್ಲಿ ಮೊದಲಿಗೆ ವಿವರಿಸಿದ್ದು 1937ರಲ್ಲಿ, ಅದೂ ಅಂದಿನ ಮದ್ರಾಸ್ ಪ್ರಾಂತದಿಂದಲೇ. ಹೆಚ್ಚಿನ ಫ್ಲೋರೈಡ್ ಮೂಳೆಯನ್ನು ದಟ್ಟವಾಗಿಸಿ, ಸ್ನಾಯುಬಂಧಗಳಲ್ಲಿ ಸುಣ್ಣ ಕಟ್ಟಿಸಿ, ಕೀಲುಗಳನ್ನು ಬಿಗಿಗೊಳಿಸುವುದರಿಂದ ಅದರ ನೋವು ಮೊದಮೊದಲು ಸವೆತದ ನೋವಿನಂತೆಯೇ ತೋರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ಫ್ಲೋರೈಡ್ ಪ್ರದೇಶಗಳ ಹರೆಯದವರಲ್ಲಿ ಮಂಡಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕೃತಿಯನ್ನೂ ದಾಖಲಿಸಿದರು. 1990ರ ದಶಕದ ಮಧ್ಯಭಾಗದಲ್ಲಿ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಜಿಲ್ಲೆಯ ನೂರಾರು ಹಳ್ಳಿಗಳಿಗೆ ತಲುಪಿದ್ದು ಈ ಹಿನ್ನೆಲೆಯಲ್ಲಿ ಮಹತ್ವದ ಕೆಲಸ, ಆದರೆ ಅದಕ್ಕೆ ಮೊದಲೇ ದಶಕಗಳ ಕಾಲ ಬಾವಿಯ ನೀರು ಕುಡಿದವರು ಈಗ ಅರವತ್ತು ದಾಟಿದ್ದಾರೆ. ಜಗತ್ತಿನ ಬಹುತೇಕ ಪ್ರಯೋಗಗಳು ಬೇರೆ ಕಾಯಿಲೆಯಿಂದಾದ ಸವೆತವನ್ನು ಹೊರಗಿಡುತ್ತವೆ. ಹೀಗಾಗಿ ಅವರಿಗೆ ಏನು ಒಗ್ಗುತ್ತದೆಂಬುದಕ್ಕೆ ಆ ಫಲಿತಾಂಶಗಳು ಉತ್ತರ ಕೊಡಲಾರವು.

ಅಳೆಯುವ ಮಾನದಂಡವೂ ಪರಕೀಯವೇ. ಕೆನಡಾದಲ್ಲಿ ರೂಪುಗೊಂಡು 1988ರಲ್ಲಿ ಪ್ರಕಟವಾದ ವೊಮ್ಯಾಕ್ ಎಂಬ 24 ಪ್ರಶ್ನೆಗಳ ಪಟ್ಟಿ ನೋವು, ಬಿಗಿತ, ಓಡಾಟದ ಕಷ್ಟಗಳನ್ನು ಅಂಕಗಳಲ್ಲಿ ಹಿಡಿಯುತ್ತದೆ. ಕಾಲುಚೀಲ ತೊಡುವುದು, ಕಾರು ಹತ್ತಿಳಿಯುವುದು, ಸ್ನಾನದ ತೊಟ್ಟಿಗೆ ಇಳಿಯುವುದು ಅದರೊಳಗಿವೆ, ನೆಲದ ಮೇಲೆ ಕೂತು ಏಳುವುದು ಮಾತ್ರ ಅದರಲ್ಲಿಲ್ಲ. ಪುಣೆಯ ಸಂಶೋಧಕರು ಕುಕ್ಕುರು ಕೂರುವಂಥ ಭಾರತೀಯ ರೂಢಿಗಳನ್ನು ಸೇರಿಸಿ ಅದನ್ನು ತಿದ್ದಿದ್ದಾರೆ. ಮಂಡಿ ಬದಲಿ ಶಸ್ತ್ರಚಿಕಿತ್ಸೆಯ ಫಲವನ್ನು ಅಳೆಯುವಾಗ ಇದು ಬಹಳ ಮುಖ್ಯ: 2015ರಲ್ಲಿ ಪ್ರಕಟವಾದ, ನೂರು ಮಂದಿಯ ಡೆನ್ಮಾರ್ಕಿನ ಪ್ರಯೋಗದಲ್ಲಿ ಆ ಶಸ್ತ್ರಚಿಕಿತ್ಸೆ ವ್ಯಾಯಾಮದ ಚಿಕಿತ್ಸೆಗಿಂತ ಎರಡು ಪಟ್ಟು ಸುಧಾರಣೆ ತಂದರೂ ಶಸ್ತ್ರಚಿಕಿತ್ಸೆಯಿಲ್ಲದ ಗುಂಪಿನ ಸುಮಾರು ಮುಕ್ಕಾಲು ಪಾಲು ಜನ ಒಂದು ವರ್ಷ ಅದರ ಗೋಜಿಗೇ ಹೋಗಲಿಲ್ಲ, ಮತ್ತು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಗಂಭೀರ ತೊಂದರೆಗಳು ಹೆಚ್ಚಿದ್ದವು. 2017ರ ಆಗಸ್ಟ್ 16ರಂದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೃತಕ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಮಿತಿ ಹೇರಿದ್ದು ಬಡವರಿಗೆ ದೊಡ್ಡ ಉಪಕಾರ. ಆದರೆ ಬದಲಿ ಮಂಡಿಯೊಂದಿಗೆ ಹೊಲದಲ್ಲಿ ಕುಕ್ಕುರು ಕೂರುವುದು ಕಷ್ಟವೆಂಬುದನ್ನು ಆಪರೇಷನ್ನಿಗೆ ಮೊದಲೇ ರೋಗಿಗೆ ಹೇಳಬೇಕು.

ಹೇಳುವುದು ಯಾವ ಭಾಷೆಯಲ್ಲಿ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಭಾರತದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳನ್ನು ದಾಖಲಿಸುವ ರಾಷ್ಟ್ರೀಯ ನೋಂದಣಿ 2007ರಲ್ಲಿ ಆರಂಭವಾಗಿ, 2009ರ ಜೂನ್ 15ರಿಂದ ಕಡ್ಡಾಯವಾಯಿತು. 2019ರ ಹೊಸ ಔಷಧ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳು ನೈತಿಕ ಸಮಿತಿಯ ಒಪ್ಪಿಗೆಯನ್ನೂ ಹಾನಿಯಾದರೆ ಪರಿಹಾರವನ್ನೂ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಒಪ್ಪಿಗೆ ಪತ್ರವನ್ನೂ ವಿಧಿಸುತ್ತವೆ. ಆಂಧ್ರದ ಆಸ್ಪತ್ರೆಯಲ್ಲಿ ಆ ಪತ್ರ ಸಹಜವಾಗಿಯೇ ತೆಲುಗಿನಲ್ಲಿರುತ್ತದೆ. ಮಡಕಶಿರಾ ಕಡೆಯ, ಮನೆಯಲ್ಲಿ ಕನ್ನಡವನ್ನೇ ಆಡುವ ಅಜ್ಜಿ ಸಂತೆಯ ಮಟ್ಟಿಗೆ ತೆಲುಗು ಬಲ್ಲವಳಾದರೂ ತನಗೆ ಹುಸಿಮದ್ದು ಸಿಗಬಹುದೆಂಬ ಮಾತನ್ನು ಅದರಲ್ಲಿ ತಿಳಿದು ಹೆಬ್ಬೆಟ್ಟು ಒತ್ತುತ್ತಾಳೆಂದು ಊಹಿಸಿಕೊಳ್ಳಲಾಗದು. ಅವಳಿಗಾಗಿ ಕನ್ನಡದ ಪತ್ರವೂ ಓದಿ ವಿವರಿಸುವ ಕನ್ನಡದ ಸಾಕ್ಷಿಯೂ ಬೇಕು.

ಹಿಂದೂಪುರದ ಸರ್ಕಾರಿ ಆಸ್ಪತ್ರೆ, ಕಲ್ಯಾಣದುರ್ಗದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟಿನ ಆಸ್ಪತ್ರೆ ಇವೆರಡರ ಹೊರರೋಗಿ ವಿಭಾಗಗಳೇ ಈ ಸೀಮೆಯ ದುಡಿಮೆಯನ್ನೂ ನೀರನ್ನೂ ಭಾಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಯೋಗಕ್ಕೆ ನೆಲೆಯಾಗಬಲ್ಲವು. ಗುಂಪು ಹಂಚುವ ಮೊದಲು ಪ್ರತಿಯೊಬ್ಬರೂ ಕುಡಿದು ಬೆಳೆದ ನೀರಿನ ಮೂಲವನ್ನು ಕೇಳಿ ಬರೆಯಬೇಕು, ಮುಂಗೈಯ ಎಕ್ಸ್‌ರೇ ತೆಗೆದು ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದು ನೋಡಿ ಫ್ಲೋರೋಸಿಸ್ ಇರುವವರನ್ನು ಹೊರಹಾಕದೆ ಪ್ರತ್ಯೇಕವಾಗಿ ಎಣಿಸಬೇಕು. ವ್ಯಾಯಾಮವನ್ನು ಹಳ್ಳಿಯ ಆಶಾ ಕಾರ್ಯಕರ್ತೆಯರೇ ಕನ್ನಡ, ತೆಲುಗು ಎರಡರಲ್ಲೂ ಕಲಿಸುವಂತಾಗಬೇಕು. ಕಳೆ ಕೀಳುವ ಮತ್ತು ಕಾಯಿ ಕೀಳುವ ತಿಂಗಳುಗಳಲ್ಲಿ ನೋವು ಏರುವುದರಿಂದ ಮೊದಲ ಅಳತೆಯನ್ನೂ ಕೊನೆಯ ಅಳತೆಯನ್ನೂ ಒಂದೇ ಋತುವಿನಲ್ಲಿ ತೆಗೆದುಕೊಳ್ಳಬೇಕು, ಇಲ್ಲವಾದರೆ ಬಿಡುವಿನ ಬೇಸಗೆಯ ನೆಮ್ಮದಿಯೇ ಚಿಕಿತ್ಸೆಯ ಫಲವೆಂದು ದಾಖಲಾಗಿಬಿಡುತ್ತದೆ.