ಅಪಘಾತ ಪರಿಹಾರದ ಅರ್ಜಿ: ಎಲ್ಲಿ, ಎಂದು, ಹೇಗೆ?



ಹಬ್ಬಕ್ಕೆಂದು ಮುಂಬಯಿಯಿಂದ ಊರಿಗೆ ಬಂದವರೊಬ್ಬರು ಹುಬ್ಬಳ್ಳಿಯ ಸಮೀಪ ಲಾರಿ ಡಿಕ್ಕಿ ಹೊಡೆದು ಕಾಲು ಮುರಿದುಕೊಂಡರೆಂದು ಭಾವಿಸೋಣ. ಪೊಲೀಸರು ಚಾಲಕನ ಮೇಲೆ ಮೊಕದ್ದಮೆ ದಾಖಲಿಸುತ್ತಾರೆ. ಅದರ ತೀರ್ಪು ಬಂದ ಮೇಲೆ ಪರಿಹಾರವು ತಾನಾಗಿ ದೊರೆಯುವುದೆಂದು ಅನೇಕರು ಕಾಯುತ್ತಾರೆ. ಇದು ತಪ್ಪು ತಿಳಿವಳಿಕೆ.

ಕ್ರಿಮಿನಲ್ ಮೊಕದ್ದಮೆಯ ಉದ್ದೇಶ ಶಿಕ್ಷೆ. ಅಲ್ಲಿ ಆರೋಪವು ಸಂಶಯಾತೀತವಾಗಿ ರುಜುವಾತಾಗಬೇಕು. ಪರಿಹಾರದ ಅರ್ಜಿಯ ಉದ್ದೇಶ ನಷ್ಟವನ್ನು ತುಂಬಿಕೊಡುವುದು. ಇಲ್ಲಿ ಅಷ್ಟು ಕಠಿಣವಾದ ರುಜುವಾತು ಬೇಕಿಲ್ಲ. ಆದ್ದರಿಂದ ಚಾಲಕನು ಖುಲಾಸೆಯಾದ ಮಾತ್ರಕ್ಕೆ ಗಾಯಾಳುವಿನ ಹಕ್ಕು ಅಳಿಯುವುದಿಲ್ಲ.

1988ರ ಮೋಟಾರು ವಾಹನಗಳ ಅಧಿನಿಯಮದ 166ನೆಯ ಪ್ರಕರಣದ ಮೇರೆಗೆ, ಅಪಘಾತ ನಡೆದ ಪ್ರದೇಶದ ನ್ಯಾಯಮಂಡಳಿಯಲ್ಲಿ ಮಾತ್ರವಲ್ಲ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಪ್ರದೇಶದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಸಲ್ಲಿಸಬಹುದು. ಹೀಗಾಗಿ ಈ ಗಾಯಾಳು ಪ್ರತಿ ವಿಚಾರಣೆಗೂ ಹುಬ್ಬಳ್ಳಿಗೆ ಪ್ರಯಾಣಿಸಬೇಕಾಗಿಲ್ಲ. ಆದರೆ 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಜಾರಿಗೆ ಬಂದಿದೆ. ಗಾಯ ಪೂರ್ಣ ಗುಣವಾಗಲೆಂದು ಕಾಯದಿರಿ. ಪ್ರಥಮ ವರ್ತಮಾನ ವರದಿಯ ಪ್ರತಿ, ಆಸ್ಪತ್ರೆಯ ರಸೀದಿಗಳು, ಅಂಗವೈಕಲ್ಯದ ಪ್ರಮಾಣಪತ್ರ, ಸಂಪಾದನೆಯ ದಾಖಲೆ ಇವನ್ನು ಜೋಪಾನವಾಗಿಡಿ.

ಡಿಕ್ಕಿ ಹೊಡೆದು ಪರಾರಿಯಾದ ವಾಹನದ ಗುರುತು ಸಿಗದಿದ್ದರೂ ನಿರಾಶರಾಗಬೇಡಿ. ಅಂತಹ ಪ್ರಕರಣಗಳಲ್ಲಿ ಮರಣಕ್ಕೆ 2 ಲಕ್ಷ ರೂಪಾಯಿ, ತೀವ್ರ ಗಾಯಕ್ಕೆ 50,000 ರೂಪಾಯಿ ನಿಗದಿಯಾಗಿದೆ.

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ತಮ್ಮ ವರಮಾನ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಕೋರಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಪ್ರಕರಣ ಬೇಗ ಮುಗಿಯುತ್ತದೆ; ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಆದುದರಿಂದ ಮೊತ್ತವನ್ನು ಚೆನ್ನಾಗಿ ಅರಿತ ಬಳಿಕವೇ ಸಹಿ ಹಾಕಿರಿ.